ಫಿಟ್ಟರ್ ಮೊದಲ ವರ್ಷ: ಹುಡುಗರು ವೈಸ್ ಬಿಟ್ಟು ಹೋಗದ ಹಾಗೆ

ಐಟಿಐಯಲ್ಲಿ ಫಿಟ್ಟರ್ (ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕೆಲಸ) ಕಲಿಯುವ ಮೊದಲ ವರ್ಷದ ಬ್ಯಾಚಿನ ಪ್ರಾಕ್ಟಿಕಲ್ ಪರೀಕ್ಷೆ ಮುಗಿದಿದೆ. ಜಾಬ್‌ಗಳೆಲ್ಲ, ಅಂದರೆ ಹುಡುಗರು ಮಾಡಿದ ಲೋಹದ ತುಂಡುಗಳೆಲ್ಲ, ಲೇಬಲ್ ಹಚ್ಚಿಸಿಕೊಂಡು ಸ್ಟೋರ್ ಸೇರಿವೆ. ಆಗಸ್ಟ್‌ಗೆ ಹೊಸ ಬ್ಯಾಚು, ಅದರ ಜೊತೆಗೆ ಹೊಸ ಅತಿಥಿ ಬೋಧಕರು. ಸರ್ಕಾರಿ ಐಟಿಐಗೆ ಹೀಗೆ ಬರುವವರಿಗೆ ವೈಸ್‌ಗೆ (ಬೆಂಚಿನ ಮೇಲೆ ತುಂಡನ್ನು ಕಚ್ಚಿ ಹಿಡಿಯುವ ಇಕ್ಕಳ) ಜಾಬ್ ಕಟ್ಟಿ ಫೈಲ್ (ಲೋಹ ಉಜ್ಜುವ ಅರ) ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ, ಬಹಳ ಜನ ಕಾರ್ಖಾನೆಯಲ್ಲಿ ಪಳಗಿದವರೇ. ಅವರು ಕಂಗಾಲಾಗುವುದು ಬೇರೆ ಕಡೆ. ಎದುರಿಗೆ ನಿಂತ 20 ಹುಡುಗರಲ್ಲಿ ಸುಮಾರು ಜನಕ್ಕೆ ಫೈಲ್ ಮುಟ್ಟುವ ಮನಸ್ಸೇ ಇರುವುದಿಲ್ಲ, ಅದಕ್ಕೇನು ಮಾಡಬೇಕೆಂದು ಯಾವ ಕಾರ್ಖಾನೆಯೂ ಕಲಿಸಿರುವುದಿಲ್ಲ. ಈ ಬರಹ ಅವರಿಗೆ.

ಸ್ಟಾಫ್ ರೂಮಿನಲ್ಲಿ ಸಿದ್ಧ ಉತ್ತರ ಒಂದಿದೆ: "ಈಗಿನ ಹುಡುಗ್ರು ಸೋಮಾರಿಗಳು ಸಾರ್." ಹಾಜರಿ ಪುಸ್ತಕ ಬೇರೆ ಹೇಳುತ್ತದೆ. ಗೈರುಹಾಜರಿ ವರ್ಷವಿಡೀ ಚೆಲ್ಲಾಡಿಕೊಂಡಿರುವುದಿಲ್ಲ, ಗುಂಪುಗುಂಪಾಗಿ ಬರುತ್ತದೆ. ಫೈಲಿಂಗ್ ಶುರುವಾದ ಮೂರನೇ ವಾರ ಒಮ್ಮೆ, ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೆ, ಮೆಷಿನ್ ಕೆಲಸಕ್ಕೆ ಸರದಿ ಕಾಯುವಾಗ ಒಮ್ಮೆ, ಪರೀಕ್ಷೆ ಹತ್ತಿರವಾದಾಗ ಒಮ್ಮೆ. ಯಾವಾಗ ಎಂದು ಮೊದಲೇ ಗೊತ್ತಿದ್ದರೆ ತಯಾರಿಯನ್ನೂ ಮೊದಲೇ ಮಾಡಬಹುದು.

ಮೊದಲು ಆಗಸ್ಟ್. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು ಹಂಚಿಕೆ ಆಗುವುದರಿಂದ ಎಲೆಕ್ಟ್ರಿಷಿಯನ್ ಕೇಳಿ ಸಿಗದೆ ಫಿಟ್ಟರ್‌ಗೆ ಬಂದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನಮ್ಮ ಕಡೆ, ಅಂದರೆ ಶಿವಮೊಗ್ಗ ಭದ್ರಾವತಿ ಸೀಮೆಯಲ್ಲಿ, ಇನ್ನೂ ಒಂದು ಮಾತಿದೆ. ಫಿಟ್ಟರ್ ಎಂದರೆ ಮನೆಯ ಹಿರಿಯರಿಗೆ ವಿಐಎಸ್‌ಎಲ್ (ಭದ್ರಾವತಿಯ ಉಕ್ಕಿನ ಕಾರ್ಖಾನೆ) ನೆನಪಾಗುತ್ತದೆ, ಹುಡುಗರಿಗೆ 2023ರಲ್ಲಿ ಬಂದ ಅದೇ ಕಾರ್ಖಾನೆ ಮುಚ್ಚುವ ಸುದ್ದಿ ನೆನಪಾಗುತ್ತದೆ. ಇಂಥವರ ಮುಂದೆ ಮೊದಲ ದಿನವೇ ಭವಿಷ್ಯದ ಬಗ್ಗೆ ಒಂದು ಗಂಟೆ ಭಾಷಣ ಮಾಡಿದರೆ ಯಾರ ಕಿವಿಗೂ ಹೋಗುವುದಿಲ್ಲ.

ಮೊದಲ ವಾರ ಭಾಷಣಕ್ಕಿಂತ ಕಾಗದಪತ್ರಕ್ಕೆ ಸಮಯ ಕೊಡಿ. ಹುಡುಗನ ಉತ್ಸಾಹಕ್ಕೂ ಆಧಾರ್ ಕಾರ್ಡಿಗೂ ಏನು ಸಂಬಂಧ ಎನಿಸಬಹುದು. ಸಂಬಂಧ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ಹೀಗಿದ್ದರೆ ಮುಂದೆ ಪರೀಕ್ಷೆಯ ಹೊತ್ತಿಗೆ ತಕರಾರು ಏಳುತ್ತದೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಖಾತೆ ಇದೆ, ಪಾಸ್‌ಬುಕ್ ಇದೆ, ಜೋಡಣೆ ಮಾತ್ರ ಆಗಿಲ್ಲ ಎನ್ನುವ ಕೇಸೇ ಹೆಚ್ಚು. ಇದನ್ನೆಲ್ಲ ಹುಡುಗನ ತಲೆಗೇ ಬಿಟ್ಟರೆ ಅವನು ನಾಡಕಚೇರಿ, ಬ್ಯಾಂಕು, ಆಧಾರ್ ಕೇಂದ್ರ ಅಂತ ಸುತ್ತುತ್ತ ಮಾರ್ಕಿಂಗ್ ಪಾಠಗಳನ್ನೆಲ್ಲ ತಪ್ಪಿಸಿಕೊಳ್ಳುತ್ತಾನೆ. ವಾಪಸ್ ಬಂದಾಗ ಪಕ್ಕದವನು ಫೈಲಿಂಗ್‌ನಲ್ಲಿ ಮುಂದೆ ಹೋಗಿರುತ್ತಾನೆ, ಇವನಿಗೆ ಅಲ್ಲಿಂದಲೇ ಹಿಂಜರಿಕೆ. ಒಂದು ಹಾಳೆಯಲ್ಲಿ 20 ಹೆಸರು, ಐದು ಕಾಲಂ: ಆಧಾರ್ ಹೆಸರು ಹೊಂದಿಕೆ, ಜಾತಿ-ಆದಾಯದ ಆರ್‌ಡಿ ಸಂಖ್ಯೆ, ಖಾತೆಗೆ ಆಧಾರ್ ಜೋಡಣೆ, ಬಸ್ ಪಾಸ್, ಮನೆಯವರ ಫೋನ್. ಖಾಲಿ ಇರುವ ಕಾಲಂಗಳನ್ನು ತುಂಬಿಸಲು ಗುಂಪಾಗಿ ಒಂದೇ ದಿನ ಕಳಿಸಿ, ಆ ದಿನ ಹೊಸ ಪಾಠ ಇಟ್ಟುಕೊಳ್ಳಬೇಡಿ. ಬ್ಯಾಚಿನಲ್ಲಿ ಹುಡುಗಿಯರಿದ್ದರೆ ಶಕ್ತಿ ಯೋಜನೆಯಿಂದ ಅವರ ಬಸ್ಸಿನ ಖರ್ಚು ತಪ್ಪಿದೆ. ಅವರು ನಿಂತುಹೋಗುವುದು ಡಾಂಗ್ರಿ ಬದಲಿಸಲು ಕೋಣೆ ಇಲ್ಲದ ಕಾರಣಕ್ಕೆ, ಬೀಗ ಹಾಕಿದ ಶೌಚಾಲಯದ ಕಾರಣಕ್ಕೆ. ಕೀಲಿ ಯಾರ ಬಳಿ ಇರುತ್ತದೆ ಎನ್ನುವುದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ.

ಕೈಗೆ ಮೊದಲು ಯಾವ ಕೆಲಸ ಕೊಡಬೇಕು? ಸಿಲಬಸ್ ಪ್ರಕಾರ ಸುರಕ್ಷತೆ, ಉಪಕರಣಗಳ ಪರಿಚಯ ಅಂತ ಶುರುವಾಗುತ್ತದೆ. ಅದನ್ನು ಬಿಡುವ ಹಾಗಿಲ್ಲ. ಆದರೆ ಅದರ ನಡುವೆಯೇ ಒಂದು ಸಣ್ಣ ಜಾಬ್ ತೂರಿಸಬಹುದು, ಇದು ಚೆನ್ನಾಗಿ ನಡೆಯುತ್ತದೆ: 3 ಮಿ.ಮೀ. ದಪ್ಪದ ಎಂಎಸ್ ಫ್ಲಾಟ್‌ನ (ಮೈಲ್ಡ್ ಸ್ಟೀಲ್‌ನ ಚಪ್ಪಟೆ ಪಟ್ಟಿ) ಸ್ಕ್ರ್ಯಾಪ್‌ನಿಂದ 40×20ರ ತುಂಡು, ಅಂಚಿನ ಬರ್ (ಚೂಪು ಮುಳ್ಳು) ತೆಗೆದು, ನಂಬರ್ ಪಂಚ್‌ನಿಂದ ಅವನವನ ರೋಲ್ ನಂಬರ್ ಹೊಡೆದು, 5 ಮಿ.ಮೀ. ತೂತು. ಆ ತೂತನ್ನು ಮಾತ್ರ ಬೋಧಕರೇ ಹಾಕಿಕೊಡಬೇಕು. ಇದೇ ಅವನ ಟೋಕನ್. ಟೂಲ್ ಕ್ರಿಬ್‌ನಿಂದ (ಉಪಕರಣ ಕೊಡುವ ಜಾಗ) ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಪಡೆಯಬೇಕಾದರೆ ಟೋಕನ್ ಮೊಳೆಗೆ ನೇತು ಹಾಕಬೇಕು, ವರ್ನಿಯರ್ ವಾಪಸ್ ಕೊಟ್ಟಾಗ ಟೋಕನ್ ವಾಪಸ್. ತಾನು ಮಾಡಿದ ವಸ್ತು ವರ್ಕ್‌ಶಾಪ್‌ನಲ್ಲಿ ನಿಜವಾಗಿ ಚಲಾವಣೆ ಆಗುವುದನ್ನು ಹುಡುಗ ದಿನಾ ನೋಡುತ್ತಾನೆ. ಟೂಲ್ ಕಳೆಯುವುದೂ ಕಡಿಮೆಯಾಗುತ್ತದೆ.

ಇನ್ನು ಮೂರನೇ ವಾರದ ಫೈಲಿಂಗ್. ಈ ಬರಹದಲ್ಲಿ ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹುಡುಗನ ಕೈಗೆ ಹ್ಯಾಕ್ಸಾದಲ್ಲಿ (ಲೋಹ ಕೊಯ್ಯುವ ಗರಗಸ) ಕತ್ತರಿಸಿದ ತುಂಡು, 300 ಮಿ.ಮೀ. ಬಾಸ್ಟರ್ಡ್ ಫೈಲ್ (ಒರಟು ಹಲ್ಲಿನ ಅರ). ಬೋರ್ಡಿನ ಮೇಲೆ ಡ್ರಾಯಿಂಗ್: 75×50×10, ±0.5 ಮಿ.ಮೀ. "ಮಾಡ್ಕೊಂಡು ಬಾ." ದಿನಗಟ್ಟಲೆ ಉಜ್ಜುತ್ತಾನೆ. ಅಂಗೈಯಲ್ಲಿ ಬೊಬ್ಬೆ. ಕೊನೆಗೆ ತಂದು ತೋರಿಸಿದರೆ ಟ್ರೈ ಸ್ಕ್ವೇರ್ (90 ಡಿಗ್ರಿ ಕೋನ ನೋಡುವ ಉಪಕರಣ) ಇಟ್ಟು "ಸ್ಕ್ವೇರ್ ಇಲ್ಲ, ಹೋಗು" ಎನ್ನುವ ಉತ್ತರ. ಇಷ್ಟು ದಿನದಲ್ಲಿ ಯಾವ ಗಳಿಗೆಯಲ್ಲಿ ತಪ್ಪಿತು ಎಂದು ಅವನಿಗೆ ತಿಳಿಯುವುದೇ ಇಲ್ಲ. ಮಾರನೇ ದಿನ ಜ್ವರ.

ಮೊದಲನೆಯದು ಕೈಯ ಒತ್ತಡ. ಜಾಬ್‌ನ ಮುಖ, ಅಂದರೆ ಉಜ್ಜುವ ಮೇಲ್ಮೈ, ಸಮತಟ್ಟಾಗದೆ ಉಬ್ಬುವುದಕ್ಕೆ ಕಾರಣ ಪ್ರತಿ ಬಾರಿಯೂ ಒಂದೇ: ಫೈಲ್ ತೂಗುಯ್ಯಾಲೆ ಆಡುತ್ತದೆ. ಸ್ಟ್ರೋಕ್ ಶುರುವಿನಲ್ಲಿ ಒತ್ತಡ ಎಡಗೈ ಕಡೆ ಹೆಚ್ಚಿರಬೇಕು, ನಡುವೆ ಎರಡೂ ಕೈ ಸಮ, ಕೊನೆಯಲ್ಲಿ ಹಿಡಿ ಹಿಡಿದ ಬಲಗೈ ಕಡೆ ಹೆಚ್ಚು. ಎಡಗೈ ಬಳಸುವವರಿಗೆ ಇದು ತಿರುವುಮುರುವು. ಎರಡೂ ಕೈಯನ್ನು ಉದ್ದಕ್ಕೂ ಒಂದೇ ಸಮ ಒತ್ತಿದರೆ ಎರಡೂ ಅಂಚು ಸವೆದು ನಡು ಉಬ್ಬುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಕೈಗೆ ಇಳಿಯುವುದಿಲ್ಲ. ಫೋನ್ ಕಿತ್ತಿಟ್ಟುಕೊಳ್ಳುವ ಬದಲು ಇಲ್ಲಿ ಬಳಸಿ. ಜೊತೆಗಾರ ಪಕ್ಕದಿಂದ, ಮೊಣಕೈ ಮಟ್ಟದಲ್ಲಿ ಕ್ಯಾಮೆರಾ ಹಿಡಿದು ಸ್ಲೋ ಮೋಷನ್‌ನಲ್ಲಿ ಏಳೆಂಟು ಸ್ಟ್ರೋಕ್ ರೆಕಾರ್ಡ್ ಮಾಡಲಿ. ಫೈಲ್‌ನ ತುದಿ ಕೊನೆಯಲ್ಲಿ ಕೆಳಗೆ ಬಾಗುವುದು ಕಣ್ಣಿಗೆ ಹೊಡೆಯುತ್ತದೆ. ಆ ವಿಡಿಯೊ ನೋಡಿದ ಮೇಲೆ ಬೋಧಕರು ಏನೂ ಹೇಳಬೇಕಾಗಿಲ್ಲ, ಹುಡುಗನೇ "ಓ, ಬಲಗೈ ಎತ್ತಿಬಿಡ್ತೀನಿ" ಎನ್ನುತ್ತಾನೆ.

ಅದಕ್ಕೂ ಮೊದಲು ವೈಸ್‌ನ ಎತ್ತರ ನೋಡಿ. ಹುಡುಗ ನೆಟ್ಟಗೆ ನಿಂತು ತೋಳು ಮಡಚಿದಾಗ ಮೊಣಕೈ ವೈಸ್‌ನ ದವಡೆ ಮಟ್ಟಕ್ಕೆ ಬರಬೇಕು. ಎಲ್ಲ ಬೆಂಚೂ ಒಂದೇ ಎತ್ತರ, ಹುಡುಗರು ಮಾತ್ರ ಒಂದೊಂದು ಎತ್ತರ. ಕುಳ್ಳಗಿರುವವರಿಗೆ ಕಾಲಡಿ ಮರದ ಮಣೆ ಹಾಕಿಸಿ. ಬೆನ್ನು ನೋವಿನಿಂದ ಕುಳಿತುಕೊಳ್ಳುವವನನ್ನು ಮೈಗಳ್ಳ ಅನ್ನುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು. ಫೈಲ್ ಜಾರುತ್ತಿದ್ದರೆ ಕೈಯ ಎಣ್ಣೆ ಜಾಬ್ ಮುಖಕ್ಕೆ ತಗುಲಿದೆ ಎಂದರ್ಥ. ಮುಖದ ಮೇಲೆ ಆಳವಾದ ಗೀರು ಬೀಳುತ್ತಿದ್ದರೆ ಹಲ್ಲುಗಳ ನಡುವೆ ಚೂರು ಸಿಕ್ಕಿಕೊಂಡಿದೆ, ಫೈಲ್ ಕಾರ್ಡ್‌ನಿಂದ (ತಂತಿಯ ಬ್ರಷ್) ಉಜ್ಜಿ, ಚಾಕ್ ಸವರಿ. ಹಳೆಯ ಸವೆದ ಫೈಲ್‌ಗಳನ್ನು ಹೊಸಬರಿಗೆ, ಹೊಸ ಫೈಲ್‌ಗಳನ್ನು ಸೀನಿಯರ್‌ಗಳಿಗೆ ಕೊಡುವ ಪದ್ಧತಿ ಬಹಳ ಕಡೆ ಇದೆ. ತಿರುಗಿಸಿ. ಸವೆದ ಫೈಲ್ ಹಿಡಿದವನು ಎಷ್ಟು ಉಜ್ಜಿದರೂ ಲೋಹ ಹೋಗುವುದಿಲ್ಲ, ಅವನು ತನ್ನನ್ನೇ ದೂರಿಕೊಳ್ಳುತ್ತಾನೆ.

ಎರಡನೆಯದು, ಜಾಬ್ ಅನ್ನು ಹಂತ ಮಾಡಿ ಒಡೆಯಿರಿ. ಮೊದಲ ಮುಖ ಸಮತಟ್ಟು: ಟ್ರೈ ಸ್ಕ್ವೇರ್‌ನ ಅಲಗನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಇಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡುವುದು. ಬೆಳಕು ನುಸುಳದಿದ್ದರೆ ಸಹಿ. ಎರಡನೇ ಮುಖ ಮೊದಲನೆಯದಕ್ಕೆ 90 ಡಿಗ್ರಿ: ಸಹಿ. ಹೀಗೆ ಪ್ರತಿ ಹಂತಕ್ಕೆ ಮೂರು ಸಹಿ: ಮಾಡಿದವನದು, ಜೊತೆಗಾರನದು, ಕೊನೆಗೆ ಬೋಧಕರದು. ದಿನಕ್ಕೆ ಒಂದಾದರೂ ಹಂತ ಮುಗಿದು ಸಹಿ ಬೀಳುವಷ್ಟು ಸಣ್ಣದಾಗಿ ಒಡೆಯಬೇಕು.

ಅಳತೆ ತಪ್ಪಿದರೆ ಸ್ಕ್ರ್ಯಾಪ್ ಎನ್ನುವ ಭಯ ಹೋಗಲು ಒಂದು ಏರ್ಪಾಡು. ತುಂಡನ್ನು 78×53ಕ್ಕೆ ಕತ್ತರಿಸಿ ಕೊಡಿ. 75×50ರಲ್ಲಿ ತಪ್ಪಿದವನು ಅದೇ ತುಂಡನ್ನು 72×47ಕ್ಕೆ ಇಳಿಸುತ್ತಾನೆ. ಕಲಿಯಬೇಕಾದ ಕೌಶಲ ಅದೇ, ಹೊಸ ಕಚ್ಚಾ ಸಾಮಗ್ರಿ ಬೇಡ. ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ) ಹಾಕಿದ ಫ್ಲಾಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಕಡೆ ಇದು ಎರಡು ಪಟ್ಟು ಉಪಯೋಗ.

ಮೂರನೆಯದು ಅಳತೆ ಹಾಳೆ. ಜಾಬ್ ಒಪ್ಪಿಸುವಾಗ ಹುಡುಗನೇ ವರ್ನಿಯರ್‌ನಲ್ಲಿ ಅಳೆದು ಒಂದು ಕಾಲಂನಲ್ಲಿ ಬರೆಯಬೇಕು, ಬೋಧಕರು ಅದನ್ನು ನೋಡದೆ ಅಳೆದು ಪಕ್ಕದ ಕಾಲಂನಲ್ಲಿ ಬರೆಯಬೇಕು. ವರ್ನಿಯರ್‌ನ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) 0.02 ಮಿ.ಮೀ. ಎರಡೂ ಅಳತೆಯ ವ್ಯತ್ಯಾಸ 0.04ರೊಳಗಿದ್ದರೆ ಅಳತೆಯ ಅಂಕ ಪೂರ್ತಿ, ಜಾಬ್ ಟಾಲರೆನ್ಸ್‌ನಿಂದ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಹೊರಗಿದ್ದರೂ ಪೂರ್ತಿ. ಅದರಿಂದ ಎರಡು ಲಾಭ. ಜಾಬ್ ಸರಿ ಬರದವನಿಗೂ ಗೆಲ್ಲಲು ಒಂದು ಜಾಗ ಸಿಗುತ್ತದೆ. ಮತ್ತೆ, ಹುಡುಗನ ತೊಂದರೆ ಕೈಯಲ್ಲಿದೆಯೋ ಅಳೆಯುವುದರಲ್ಲಿದೆಯೋ ಎಂಬುದು ಬೋಧಕರಿಗೆ ಬೇರೆಬೇರೆಯಾಗಿ ಕಾಣುತ್ತದೆ. ಫೈಲಿಂಗ್ ಬರುವುದಿಲ್ಲ ಎಂದುಕೊಂಡಿದ್ದ ಎಷ್ಟೋ ಹುಡುಗರು ವರ್ನಿಯರ್‌ನ ದವಡೆಯನ್ನು ಓರೆ ಹಿಡಿಯುತ್ತಿರುತ್ತಾರೆ, ಅಷ್ಟೇ.

ಫಾರ್ಮೇಟಿವ್ ಅಸೆಸ್‌ಮೆಂಟ್‌ನ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಪಟ್ಟಿಯನ್ನು ಬೀರುವಿನಲ್ಲಿ ಇಡಬೇಡಿ, ಗೋಡೆಗೆ ಅಂಟಿಸಿ. ಶೇಕಡ 60ರಿಂದ 75, 75ರಿಂದ 90, 90ರ ಮೇಲೆ ಎಂದು ಮೂರು ಮಟ್ಟ ಇವೆ. ಮೊದಲ ಮಟ್ಟದವನಿಗೆ ಆಗಾಗ ಸಹಾಯ ಬೇಕಾಗುತ್ತದೆ, ಮೇಲಿನವನಿಗೆ ಬಹುತೇಕ ಬೇಡ. ಇಷ್ಟು ಗೊತ್ತಾದರೆ ಹುಡುಗ ತಾನು ಎಲ್ಲಿದ್ದೇನೆಂದು ತಾನೇ ಹೇಳುತ್ತಾನೆ. ಹೊಗಳುವಾಗಲೂ "ಚೆನ್ನಾಗಿದೆ" ಎಂದು ಬಿಡಬೇಡಿ. "ಮೂರನೇ ಮುಖದಲ್ಲಿ ಬೆಳಕು ಎಲ್ಲೂ ಬರ್ಲಿಲ್ಲ ಕಣೋ, ಎಡಗೈ ಸರಿಯಾಯ್ತು" ಎಂದರೆ ನಾಲ್ಕನೇ ಮುಖಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಾಗುತ್ತದೆ.

ಅಕ್ಟೋಬರ್ ಬಂದರೆ ಅಡಿಕೆ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಊರಿನಲ್ಲಿ ಕೆಲಸವೋ ಕೆಲಸ, ಕೈಗೆ ಕಾಸು. ಬೇರೆ ಸೀಮೆಯಲ್ಲಿ ಇದರ ಜಾಗದಲ್ಲಿ ಕಬ್ಬು ಇರಬಹುದು, ಮದುವೆ ಸೀಸನ್ನಿನ ಕೇಟರಿಂಗ್ ಇರಬಹುದು, ಪೇಟೆಯಲ್ಲಾದರೆ ರಾತ್ರಿ ಡೆಲಿವರಿ. ಮನೆ ಕಷ್ಟಕ್ಕೆ ಹೋಗುವವನನ್ನು ಬೈದು ಉಳಿಸಿಕೊಳ್ಳಲು ಆಗುವುದಿಲ್ಲ. ಲೆಕ್ಕ ತೋರಿಸಬಹುದು. ಪರೀಕ್ಷೆಗೆ ಕೂರಲು ಹಾಜರಿ 80 ಶೇಕಡ ಬೇಕು. ತಿಂಗಳಿಗೆ 24 ಕೆಲಸದ ದಿನ ಇದ್ದರೆ 20 ದಿನ ಬರಲೇಬೇಕು, ಅಂದರೆ ತಿಂಗಳಿಗೆ ನಾಲ್ಕು ರಜೆ ಅವನ ಖಾತೆಯಲ್ಲಿದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸುಮ್ಮನೆ ಕಳೆಯದೆ ಉಳಿಸಿಕೊಂಡವನು ಕೊಯ್ಲಿಗೆ ಹೋಗಿ ಬರಬಹುದು. ಪ್ರತಿಯೊಬ್ಬನಿಗೂ ಜೇಬಿನಲ್ಲಿಡುವ ಒಂದು ಕಾರ್ಡ್ ಕೊಟ್ಟು ಬ್ಯಾಂಕಿನ ಪಾಸ್‌ಬುಕ್ ಹಾಗೆ ಉಳಿದ ರಜೆ ಬರೆಸುತ್ತ ಹೋದರೆ ಬೆದರಿಸುವ ಅಗತ್ಯವೇ ಬರುವುದಿಲ್ಲ. ಬೋರ್ಡಿನ ಮೇಲೆ ಗೈರುಹಾಜರಾದವರ ಹೆಸರು ಬರೆಯುವುದು ಬೇಡ, ಅದು ಬಂದವನನ್ನೂ ಓಡಿಸುತ್ತದೆ.

ಮನೆಗೆ ಫೋನ್ ಮಾಡುವುದೂ ಒಂದು ಕಲೆ. ಹುಡುಗ ತಪ್ಪಿಸಿಕೊಂಡಾಗ ಮಾತ್ರ ಫೋನ್ ಮಾಡಿದರೆ ಐಟಿಐ ನಂಬರ್ ನೋಡಿದ ಕೂಡಲೇ ಕಟ್ ಮಾಡುತ್ತಾರೆ. ಮೊದಲ ಫೋನ್ ಒಳ್ಳೆ ಸುದ್ದಿಗೆ ಇರಲಿ: "ಯಜಮಾನ್ರೇ, ನಿಮ್ಮ ಹುಡುಗ ಇವತ್ತು ಸ್ಕ್ವೇರ್ ಜಾಬ್ ಮುಗಿಸ್ದ, ಒಂದ್ಸಲ ಬಂದು ನೋಡಿ." ಆಮೇಲೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ "ಇನ್ನು ಎರಡು ರಜೆ ಅಷ್ಟೇ ಉಳಿದಿದೆ" ಎಂದರೆ ಆ ಮಾತಿಗೆ ತೂಕ ಬರುತ್ತದೆ. ಹಳ್ಳಿ ಬಸ್ಸು ತಡವಾಗಿ ಬರುವವರಿದ್ದರೆ ಡೆಮಾನ್‌ಸ್ಟ್ರೇಶನ್ ಅನ್ನು ಬೆಳಗ್ಗೆ ಮೊದಲ ಗಂಟೆಗೆ ಇಟ್ಟುಕೊಳ್ಳಬೇಡಿ. ಆ ಹೊತ್ತು ಹಿಂದಿನ ದಿನದ ಹಂತ ಪೂರ್ತಿ ಮಾಡಲು ಇರಲಿ.

ಜನವರಿ ಹೊತ್ತಿಗೆ ಡ್ರಿಲ್ಲಿಂಗ್, ರೀಮಿಂಗ್, ಟ್ಯಾಪಿಂಗ್, ಅಂದರೆ ತೂತು ಹಾಕುವುದು, ಅದನ್ನು ನಿಖರ ಅಳತೆಗೆ ತರುವುದು, ಅದರೊಳಗೆ ತಿರುಪಿನ ಗೆರೆ ಕೊರೆಯುವುದು. ಇಲ್ಲಿ ತೊಂದರೆ ಸರದಿ. ವೈಸ್ ಎಲ್ಲರಿಗೂ ಇದೆ, ಪಿಲ್ಲರ್ ಡ್ರಿಲ್ಲಿಂಗ್ ಮೆಷಿನ್ ಒಂದೋ ಎರಡೋ. ಇಬ್ಬರು ಕೆಲಸ ಮಾಡುತ್ತ 18 ಜನ ಸುತ್ತ ನಿಂತು ನೋಡುವುದು ಪ್ರಾಕ್ಟಿಕಲ್ ಕ್ಲಾಸಲ್ಲ. ನಾಲ್ಕು ಜನದ ಐದು ಗುಂಪು ಮಾಡಿ: ಒಂದು ಡ್ರಿಲ್ಲಿಂಗ್‌ಗೆ, ಒಂದು ಮಾರ್ಕಿಂಗ್ ಮತ್ತು ಪಂಚಿಂಗ್‌ಗೆ, ಒಂದು ಕೈ ಟ್ಯಾಪಿಂಗ್‌ಗೆ, ಒಂದು ಡ್ರಿಲ್ ಬಿಟ್ ಕೋನ ಅಳೆಯಲು, ಒಂದು ಲೆಕ್ಕಕ್ಕೆ. ಲೆಕ್ಕದ ಗುಂಪು ಮುಂದೆ ಮೆಷಿನ್‌ಗೆ ಹೋಗುವ ಗುಂಪೇ ಆಗಿರಬೇಕು. 10 ಮಿ.ಮೀ. ಡ್ರಿಲ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 25 ಮೀಟರ್ ಎಂದಿಟ್ಟುಕೊಂಡರೆ ಸುಮಾರು 800 ಆರ್‌ಪಿಎಂ. ಈ ಉತ್ತರ ತಂದು ತೋರಿಸಿದ ಗುಂಪಿಗೇ ಬೆಲ್ಟ್ ಅನ್ನು ಹತ್ತಿರದ ವೇಗದ ಪುಲ್ಲಿಗೆ ಬದಲಿಸುವ ಅವಕಾಶ. ಮೆಷಿನ್ ಆಫ್ ಮಾಡಿ, ಬೋಧಕರ ಎದುರೇ. ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಎಂದರೆ ಮುಖ ಸಿಂಡರಿಸುವವರೂ ಆಗ ಲೆಕ್ಕ ಮಾಡುತ್ತಾರೆ.

ಥಿಯರಿಗೂ ಇದೇ ದಾರಿ. ವರ್ಷದ 1200 ಗಂಟೆಯಲ್ಲಿ 840 ಪ್ರಾಕ್ಟಿಕಲ್, 240 ಥಿಯರಿ, 120 ಎಂಪ್ಲಾಯಬಿಲಿಟಿ ಸ್ಕಿಲ್ಸ್. ಆ 240 ಗಂಟೆಯನ್ನು ಊಟವಾದ ಮೇಲೆ ಡಿಕ್ಟೇಶನ್ ಕೊಟ್ಟು ಕಳೆಯುವುದಕ್ಕಿಂತ ಬೆಂಚಿನ ಬಳಿ ತನ್ನಿ. ಒಂದು ಉದಾಹರಣೆ: ಗೋಡೆ ದಪ್ಪ 1.6 ಮಿ.ಮೀ. ಇರುವ ಸ್ಟೀಲ್ ಪೈಪು, ಇಂಚಿಗೆ 18 ಹಲ್ಲಿನ ಒಂದು ಹ್ಯಾಕ್ಸಾ ಬ್ಲೇಡು, 32 ಹಲ್ಲಿನ ಇನ್ನೊಂದು. ಕತ್ತರಿಸುವ ಮೊದಲು ಯಾವುದು ಸಿಕ್ಕಿಕೊಳ್ಳುತ್ತದೆ ಎಂದು ಎಲ್ಲರೂ ಹೆಸರು ಸಮೇತ ಬೋರ್ಡಿನ ಮೇಲೆ ಬರೆಯಲಿ. 18ರ ಬ್ಲೇಡು ಕಟಕಟ ಎಂದು ಸಿಕ್ಕಿ ಹಲ್ಲು ಮುರಿದಾಗ ಲೆಕ್ಕ ಹಾಕಿಸಿ: 1.6 ಮಿ.ಮೀ.ನಲ್ಲಿ 18ರದ್ದು ಒಂದೇ ಹಲ್ಲು, 32ರದ್ದು ಎರಡು. ಎರಡು ಹಲ್ಲಾದರೂ ಲೋಹದ ಮೇಲೆ ಇರಬೇಕು ಎಂಬ ನಿಯಮವನ್ನು ಆಮೇಲೆ ಬರೆಸಿದರೆ ಸಾಕು. ಖರ್ಚು ಒಂದು ಬ್ಲೇಡು. ಈ ಪ್ರಯೋಗ ಮಾಡುವವರು ಕನ್ನಡಕ ಹಾಕಿರಬೇಕು, ಉಳಿದವರು ಬ್ಲೇಡಿನ ನೇರಕ್ಕೆ ನಿಲ್ಲಬಾರದು.

ಹೊಸ ಬೋಧಕರಿಗೆ ಸಹಾಯ ಮಾಡಬೇಕಾದ ಸೀನಿಯರ್‌ಗಳಿಗೆ ಒಂದು ಮಾತು. ಅವರ ಪಾಠ ಹೇಗಿದೆ ಎಂದು ತೀರ್ಪು ಕೊಡುವ ಬದಲು ಬೆಂಚುಗಳ ನಕ್ಷೆ ಹಿಡಿದು ಮೂಲೆಯಲ್ಲಿ ಅರ್ಧ ಗಂಟೆ ಕೂರಿ. ಬೋಧಕರು ಯಾವ ಹುಡುಗನ ಬಳಿ ನಿಂತರೋ ಅಲ್ಲೊಂದು ಗೆರೆ ಎಳೆಯಿರಿ. ಚುರುಕಿನವರ ಬಳಿ, ತಂಟೆ ಮಾಡುವವರ ಬಳಿ ಗೆರೆಗಳ ಸಾಲು ಇರುತ್ತದೆ. ನಡುವಿನ ಸದ್ದಿಲ್ಲದ ಹತ್ತು ಹನ್ನೆರಡು ಜನರ ಬಳಿ ಒಂದೂ ಇರುವುದಿಲ್ಲ, ಮೂರನೇ ವಾರ ಕಾಣೆಯಾಗುವವರು ಹೆಚ್ಚಾಗಿ ಇವರೇ. ಹಾಳೆಯನ್ನು ಏನೂ ಹೇಳದೆ ಬೋಧಕರ ಕೈಗೆ ಕೊಡಿ. ಸಿಐಟಿಎಸ್ (ಐಟಿಐ ಬೋಧಕರಿಗೆ ಕೊಡುವ) ತರಬೇತಿ ಇನ್ನೂ ಆಗದವರು ಡೆಮಾನ್‌ಸ್ಟ್ರೇಶನ್ ಪ್ಲಾನ್ ಬರೆಯುವುದನ್ನಾದರೂ ರೂಢಿಸಿಕೊಳ್ಳಬೇಕು: ಎಡಗಡೆ ಕಾರ್ಯದ ಹಂತ, ನಡುವೆ ಮುಖ್ಯ ಅಂಶ, ಬಲಗಡೆ ಸುರಕ್ಷತೆ. ಮೊದಲು ಮಾತಿಲ್ಲದೆ ಕೆಲಸದ ವೇಗದಲ್ಲಿ ಒಮ್ಮೆ ಮಾಡಿ ತೋರಿಸುವುದು, ಆಮೇಲೆ ನಿಧಾನವಾಗಿ ವಿವರಿಸುತ್ತ, ಮೂರನೇ ಸಲ ಹುಡುಗನೊಬ್ಬ ಹೇಳುತ್ತ ಹೋದಂತೆ ಬೋಧಕರು ಮಾಡುವುದು. ಆ ಮೂರನೆಯದನ್ನು ಬಹಳ ಜನ ಹಾರಿಸುತ್ತಾರೆ, ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದು ಅದರಲ್ಲೇ. ಗೌರವಧನ ತಿಂಗಳಿಗೆ ಸರಿಯಾಗಿ ಕೈ ಸೇರದ ದಿನಗಳಲ್ಲಿ ಇಷ್ಟೆಲ್ಲ ಯಾಕೆ ಎನಿಸುವುದು ಸಹಜ. ಪ್ಲಾನ್ ಒಮ್ಮೆ ಬರೆದಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.

ಓದಿದರೆ ಮುಂದೇನು ಎಂಬ ಪ್ರಶ್ನೆಗೆ ಕಂಪನಿಯ ಎಚ್‌ಆರ್ ಅಧಿಕಾರಿಗಿಂತ ಎರಡು ವರ್ಷ ಹಿಂದಿನ ಬ್ಯಾಚಿನ ಹುಡುಗನನ್ನು ಕರೆಸಿ. ಮಾಚೇನಹಳ್ಳಿಯ ಫೌಂಡ್ರಿಯಲ್ಲೋ, ಬೆಂಗಳೂರಿನ ಎಚ್‌ಎಎಲ್, ಬಿಇಎಂಎಲ್‌ನಲ್ಲೋ ಅಪ್ರೆಂಟಿಸ್ ಆಗಿರುವವನು ಸ್ಟೈಪೆಂಡ್ ಎಷ್ಟು, ರೂಮ್ ಬಾಡಿಗೆ ಎಷ್ಟು, ಕೈಯಲ್ಲಿ ಉಳಿಯುವುದೆಷ್ಟು ಎಂದು ನೇರವಾಗಿ ಹೇಳುತ್ತಾನೆ. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಹಾಕಬಹುದು. ಈ ಎರಡು ವಿಷಯ ಗೊತ್ತಿಲ್ಲದೆಯೇ ಮೊದಲ ವರ್ಷ ಬಿಟ್ಟು ಹೋಗುವವರು ಇದ್ದಾರೆ. 150 ಗಂಟೆಯ ಆನ್ ದಿ ಜಾಬ್ ಟ್ರೇನಿಂಗ್‌ಗೆ ಕಾರ್ಖಾನೆಯ ಒಪ್ಪಿಗೆ ಪತ್ರ ಕೊನೆ ಗಳಿಗೆಯಲ್ಲಿ ಸಿಗುವುದಿಲ್ಲ, ಡಿಸೆಂಬರ್‌ನಲ್ಲೇ ಪತ್ರ ಕೊಟ್ಟು ನೆನಪಿಸುತ್ತಿರಿ.

ಕೊನೆಯ ಕುಸಿತ ಪರೀಕ್ಷೆಗೆ ಮುಂಚೆ. ಪ್ರಾಕ್ಟಿಕಲ್‌ಗೆ ಪಾಸಾಗಲು 60 ಶೇಕಡ, ಥಿಯರಿಗೆ 33. ಹುಡುಗರಿಗೆ ಭಯ ಮಾತ್ರ ಥಿಯರಿಯದ್ದು, ಅದರಲ್ಲೂ ಕಂಪ್ಯೂಟರ್ ಮುಂದೆ ಕೂತು ಬರೆಯುವ ಸಿಬಿಟಿಯದ್ದು. ಫೋನ್‌ನಲ್ಲಿ ಪಟಪಟ ಓಡುವ ಬೆರಳು ಮೌಸ್ ಹಿಡಿದರೆ ತಡಬಡಿಸುತ್ತದೆ. ಕಂಪ್ಯೂಟರ್ ಲ್ಯಾಬ್‌ನ ಸರದಿಯನ್ನು ಏಪ್ರಿಲ್‌ನಿಂದಲೇ ವಾರಕ್ಕೊಮ್ಮೆ ಹಿಡಿದುಕೊಳ್ಳಿ. ಭಾರತ್ ಸ್ಕಿಲ್ಸ್ ಪೋರ್ಟಲ್‌ನಲ್ಲಿ ಟ್ರೇಡ್‌ವಾರು ಪ್ರಶ್ನೆ ಸಂಗ್ರಹ ಉಚಿತವಾಗಿ ಇದೆ. ಒಂದು ಸಲಕ್ಕೆ 25 ಪ್ರಶ್ನೆ ಸಾಕು. ತಪ್ಪಿದ ಪ್ರಶ್ನೆಗಳನ್ನು ಮಾತ್ರ ಮರುದಿನ ಬೆಂಚಿನ ಬಳಿ ಉಪಕರಣ ಕೈಯಲ್ಲಿ ಹಿಡಿದು ಬಿಡಿಸಿ. ಹಾಲ್ ಟಿಕೆಟ್ ಬಂದ ಕೂಡಲೇ ಹೆಸರು, ಫೋಟೊ, ಪರೀಕ್ಷಾ ಕೇಂದ್ರ ಮೂರನ್ನೂ ಹುಡುಗನ ಎದುರೇ ಓದಿ. ಕೇಂದ್ರ ಬೇರೆ ಊರಿನಲ್ಲಿದ್ದರೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ಅದೇ ದಿನ ವಿಚಾರಿಸಿಡಿ.

ಪ್ರಾಕ್ಟಿಕಲ್‌ಗೆ ಹಿಂದಿನ ವಾರ ಹೊಸದೇನೂ ಕಲಿಸಬೇಡಿ. ನಿಗದಿತ ಸಮಯ ಇಟ್ಟು ಒಂದು ಪೂರ್ತಿ ಜಾಬ್ ಮಾಡಿಸಿ, ಎಲ್ಲಿ ಎಷ್ಟು ಹೊತ್ತು ಹೋಯಿತೆಂದು ಹುಡುಗನೇ ಬರೆದುಕೊಳ್ಳಲಿ. ಸಾಮಾನ್ಯವಾಗಿ ಮಾರ್ಕಿಂಗ್‌ನಲ್ಲಿ ಆತುರಪಟ್ಟು ಆಮೇಲೆ ಫೈಲಿಂಗ್‌ನಲ್ಲಿ ಒದ್ದಾಡಿರುತ್ತಾರೆ. ಹೊಸ ಬ್ಯಾಚಿನ ಇಂಡೆಂಟ್ ಬರೆಯುವಾಗ 32 ಹಲ್ಲಿನ ಬ್ಲೇಡು, ಫೈಲ್ ಕಾರ್ಡು, ಟೋಕನ್‌ಗೆ ನಂಬರ್ ಪಂಚ್ ಒಂದು ಸೆಟ್, ಹೊಸಬರಿಗೆಂದೇ 20 ಬಾಸ್ಟರ್ಡ್ ಫೈಲ್, ಇವನ್ನು ಮೊದಲ ಪುಟದಲ್ಲೇ ಸೇರಿಸಿ. ಜುಲೈನಲ್ಲಿ ಕೊಟ್ಟ ಇಂಡೆಂಟ್‌ನ ಸಾಮಾನು ಮೂರನೇ ವಾರದೊಳಗೆ ಬರಬೇಕಾದರೆ ಸ್ಟೋರ್‌ಕೀಪರ್ ಬಳಿ ವಾರಕ್ಕೊಮ್ಮೆ ವಿಚಾರಿಸುತ್ತಲೇ ಇರಬೇಕು.